ಒಂದನೇ ನಂಬರ್ ಶೆಡ್ಡು

ಗುರುಚರಣ ಬದುಕಿನ ಅರ್ಧಭಾಗವನ್ನು ಕೋಳಿಗಳಿಗೆ ಗೂಡು ಮಾಡುವುದರಲ್ಲೇ ಕಳೆದವರು. ಆದರೂ ಒಂದು ಕೋಳಿಯನ್ನೂ ಅವರು ಕೈಯಿಂದ ಮುಟ್ಟಿರಲಿಲ್ಲ. ಅಸಹ್ಯವೇನಲ್ಲ, ಮುಟ್ಟುವ ಪ್ರಸಂಗವೇ ಬಂದಿರಲಿಲ್ಲ. ತಮಿಳು ಸೀಮೆಯ ಅಂಬತ್ತೂರಿನಲ್ಲಿ ತಂತಿಯ ಕೇಜು ತಯಾರಿಸುವ ಕಾರ್ಖಾನೆಯೊಂದರಲ್ಲಿ ಅವರು ನಕ್ಷೆ ಬರೆಯುವ ವಿಭಾಗಕ್ಕೆ ಮುಖ್ಯಸ್ಥರು. ಮೊಟ್ಟೆ ಒಡೆಯದೆ ಉರುಳಿ ಮುಂದಕ್ಕೆ ಬರಬೇಕಾದರೆ ಕೆಳಗಿನ ಜಾಲರಿ ಎಷ್ಟು ಇಳಿಜಾರಾಗಿರಬೇಕು, ಮೇಲಿನ ಸಾಲಿನ ಹಿಕ್ಕೆ ಕೆಳಗಿನ ಸಾಲಿನ ಮೇಲೆ ಬೀಳದಂತೆ ಕೇಜುಗಳನ್ನು ಹೇಗೆ ಓರೆಯಾಗಿ ಕೂರಿಸಬೇಕು, ಕತ್ತು ಮಾತ್ರ ಹೊರಗೆ ಚಾಚುವಂತೆ ಸರಳುಗಳ ನಡುವೆ ಎಷ್ಟು ಸಂದು ಬಿಡಬೇಕು ಎಂಬುದೆಲ್ಲ ಅವರಿಗೆ ಬಾಯಿಪಾಠ. ಕೋಳಿ ಎಂದರೆ ಅವರಿಗೆ ಕಾಗದದ ಮೇಲಿನ ಒಂದು ಅಳತೆ.

ಆ ಕಾರ್ಖಾನೆ ಶುರು ಮಾಡಿದವರು ಕುಂದಾಪುರದ ಕಡೆಯಿಂದ ಬಂದ ಸುಬ್ರಾಯರು. ಮೊದಲು ಈ ಊರಿನ ಉಡುಪಿ ಹೋಟೆಲುಗಳಿಗೆ ತಟ್ಟೆ ಲೋಟ ಕವುಚಿಡುವ ಸ್ಟ್ಯಾಂಡು ಮಾಡಿಕೊಡುತ್ತಿದ್ದರು. ಯಾರೋ ಫಾರಂ ಮಾಲೀಕ ಕೇಳಿದನೆಂದು ಒಮ್ಮೆ ಕೇಜು ಮಾಡಿಕೊಟ್ಟದ್ದೇ ಆಮೇಲೆ ದಂಧೆಯಾಯಿತು. ಈಗ ಅವರಿಲ್ಲ. ಮಗ ನಿಶಾಂತ್ ನೋಡಿಕೊಳ್ಳುತ್ತಾನೆ. ಅವನಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ತಮಿಳು, ಇಂಗ್ಲಿಷು, ಅವುಗಳ ನಡುವೆ ಅಷ್ಟಿಷ್ಟು ಕನ್ನಡ.

ಗುರುಚರಣರ ಅಣ್ಣಾ ನಗರದ ಮನೆಯಲ್ಲಿ ಕೋಳಿ ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ. ಏಕಾದಶಿಗೆ ನೀರೂ ಮುಟ್ಟದ ತಾಯಿ ಭೀಮಾಬಾಯಿ, ಮಗ ಏನು ಕೆಲಸ ಮಾಡುತ್ತಾನೆಂದು ಮಠದಲ್ಲಿ ಯಾರಾದರೂ ಕೇಳಿದರೆ, "ನಮ್ಮ ಗುರು ಕಂಬಿ ಕಂಪನೀಲಿದಾನೆ" ಎನ್ನುತ್ತಿದ್ದರು. ಆಕೆಗೆ ಗೊತ್ತಿಲ್ಲವೆಂದಲ್ಲ. ಸಂಜೆ ಮಗ ಬಂದ ಕೂಡಲೇ ಚೀಲ ಹೊರಗಿನ ಗೂಟಕ್ಕೆ ನೇತುಹಾಕಬೇಕು, ನೇರ ಬಚ್ಚಲಿಗೆ ಹೋಗಬೇಕು. ಇಷ್ಟು ವರ್ಷಗಳಿಂದ ನಡೆದುಬಂದ ಈ ಏರ್ಪಾಡಿನ ಬಗ್ಗೆ ತಾಯಿಯೂ ಏನೂ ಹೇಳಿರಲಿಲ್ಲ, ಮಗನೂ ಕೇಳಿರಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಕೋಳಿ ಸಾಕುವವರ ನಿಯಮ ಬಿಗಿಯಾಗುತ್ತದೆ ಎಂಬ ಸುದ್ದಿ ಬಂತು. ಇಕ್ಕಟ್ಟಿನ ಕೇಜು ಇನ್ನು ನಡೆಯುವುದಿಲ್ಲ, ಕೋಳಿ ರೆಕ್ಕೆ ಬಿಚ್ಚುವಷ್ಟು, ಓಡಾಡುವಷ್ಟು ಜಾಗ ಬೇಕು, ಮೊಟ್ಟೆ ಇಡಲು ಮರೆ ಬೇಕು, ಇಂಥ ತಾರೀಖಿನೊಳಗೆ ಎಲ್ಲ ಶೆಡ್ಡುಗಳೂ ಬದಲಾಗಬೇಕು ಎಂದು. ದೊಡ್ಡ ಹೋಟೆಲಿನವರೂ ಬೇಕರಿಯವರೂ ಅಂಥ ಮೊಟ್ಟೆಯನ್ನೇ ಕೇಳತೊಡಗಿದ್ದರು.

ನಿಶಾಂತ್ ಗುರುಚರಣರನ್ನು ತನ್ನ ಕೋಣೆಗೆ ಕರೆದ. "ಅಂಕಲ್, ಇನ್ನು ಕೇಜ್ ಹೋಗಲ್ಲ ಅನ್ಸುತ್ತೆ. ಓಪನ್ ಶೆಡ್ ಡಿಸೈನ್ ಮಾಡ್ಬೇಕು. ನಿಮ್ಮಿಂದ ಆಗುತ್ತಾ, ಇಲ್ಲ ಹೊರಗಿನವರನ್ನ ಕರೀಲಾ?"

"ನಾನೇ ಮಾಡ್ತೀನಪ್ಪಾ" ಎಂದರು ಗುರುಚರಣ. ಅಷ್ಟು ಬೇಗ ಹೇಳಿದ್ದಕ್ಕೆ ಅವರಿಗೇ ಆಶ್ಚರ್ಯವಾಯಿತು.

ನಿವೃತ್ತಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ಉಳಿದ ದಿನಗಳನ್ನು ಹಳೆಯ ನಕ್ಷೆಗಳನ್ನೇ ತಿದ್ದುತ್ತ ಕಳೆಯುವುದೆಂದು ಅವರು ಎಂದೋ ಮನಸ್ಸು ಗಟ್ಟಿಮಾಡಿಕೊಂಡಿದ್ದರು. ಈಗ ಊಟವಾದ ಮೇಲೆ ಮೇಜಿನ ಮುಂದೆ ಕೂತು ಓದತೊಡಗಿದರು. ನೆಲಕ್ಕೆ ಭತ್ತದ ಹೊಟ್ಟು ಎಷ್ಟು ದಪ್ಪ ಹರಡಬೇಕು, ಅಡ್ಡಕೋಲು ಎಷ್ಟು ದುಂಡಗಿರಬೇಕು, ಮೊಟ್ಟೆಪೆಟ್ಟಿಗೆಯೊಳಗೆ ಎಷ್ಟು ನಸುಗತ್ತಲೆ ಇರಬೇಕು. ಹೆಂಡತಿ ಶ್ರೀವಿದ್ಯಾ ಬಂದು ಇಣುಕಿ ನೋಡಿ ನಕ್ಕಳು.

"ಏನ್ರೀ ಇದು, ಮಗಳ ಮದುವೆ ಮಂಟಪಕ್ಕೂ ನೀವು ಇಷ್ಟು ತಲೆ ಕೆಡಿಸ್ಕೊಂಡಿರ್ಲಿಲ್ಲ."

"ಮಂಟಪದಲ್ಲಿ ಇದ್ದದ್ದು ಎರಡೇ ಗಂಟೆ ಕಣೆ. ಇದರೊಳಗೆ ಅವು ಬದುಕಿರೋ ತನಕ ಇರ್ತವೆ" ಎಂದರು. ಅವಳು ನಗು ನಿಲ್ಲಿಸಿ ಅವರ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು.

ಮೊದಲು ಸಿಕ್ಕ ಕೆಲಸ ಉಪೇಂದ್ರನದು. ಅವನು ಹೊಸೂರಿನ ಕಡೆಯವನು. ಸೆಂಗುಂದ್ರಂ ಕೆರೆ ದಾಟಿ ಒಳಕ್ಕೆ ಹೋದರೆ ಸಿಗುವ ಬಯಲಿನಲ್ಲಿ ಅವನಿಗೆ ಮೂರು ಶೆಡ್ಡುಗಳ ಫಾರಂ. ಮೂರರಲ್ಲೂ ಗುರುಚರಣರ ನಕ್ಷೆಯ ಕೇಜುಗಳೇ. ಶೆಡ್ಡುಗಳನ್ನು ನೋಡಿಕೊಳ್ಳುತ್ತಿದ್ದವನು ತಾಳವಾಡಿಯಿಂದ ಬಂದ ಮಹದೇವ. ಗಂಡ ಹೆಂಡತಿ ಇಬ್ಬರೂ ಅಲ್ಲೇ ಮೇವಿನ ಕೊಠಡಿಯ ಪಕ್ಕದ ಕೋಣೆಯಲ್ಲಿ ವಾಸ. ತಮಿಳಿನ ನಡುವೆ ಕನ್ನಡ ಆಡುವವರೊಬ್ಬರು ಬಂದರೆಂದು ಆ ಇಬ್ಬರಿಗೂ ಗುರುಚರಣರನ್ನು ಕಂಡರೆ ಹಿಗ್ಗು. ಅವರ ಕನ್ನಡ ಇವರದಲ್ಲ, ಇವರದು ಅವರದಲ್ಲ, ಆದರೂ.

ಒಂದನೇ ನಂಬರ್ ಶೆಡ್ಡಿನ ಕೇಜುಗಳನ್ನು ಕಳಚಿ, ನೆಲ ತೊಳೆದು ಸುಣ್ಣ ಹೊಡೆದು, ಹೊಟ್ಟು ಹರಡಿ, ಕೋಲು ಪೆಟ್ಟಿಗೆಗಳನ್ನು ಜೋಡಿಸುವಷ್ಟರಲ್ಲಿ ಹಿಂಗಾರು ಮಳೆ ಹತ್ತಿರ ಬಂತು. ಉದ್ದಕ್ಕೂ ಬೋಳಾಗಿ ನಿಂತ ಶೆಡ್ಡಿನೊಳಗೆ ನಡೆಯುವಾಗ ಗುರುಚರಣರಿಗೆ ಹೊಸ ಮನೆಗೆ ಕಾಲಿಟ್ಟ ಹಾಗಾಗುತ್ತಿತ್ತು. ಕೋಳಿಗಳ ವಿಷಯದಲ್ಲಿ ಮಾತ್ರ ಮೊದಲೇ ಒಂದು ತಕರಾರು ಎದ್ದಿತು. ಇಂಥ ಶೆಡ್ಡಿಗೆ ಮರಿಯಿದ್ದಾಗಿನಿಂದಲೇ ನೆಲದ ಮೇಲೆ ಓಡಾಡಿ ಬೆಳೆದ ಕೋಳಿಗಳನ್ನು ತರಬೇಕು ಎಂದು ಅವರು ಓದಿದ್ದರು. ಉಪೇಂದ್ರ ಒಪ್ಪಲಿಲ್ಲ.

"ಮರಿ ತಂದು ಅದು ಬೆಳೆಯೋವರ್ಗೂ ಯಾರ್ ಸಾರ್ ಕಾಯ್ತಾರೆ? ಶೆಡ್ಡು ನೋಡೋಕೆ ಬರೋ ಆಫೀಸರ್ಗಳು ಪೊಂಗಲ್ ಮುಂಚೇನೇ ಬತ್ತಾರಂತೆ. ಎರಡನೇ ಶೆಡ್ಡಲ್ಲಿ ಮೊಟ್ಟೆ ಇಡೋ ಕೋಳಿ ಅದಾವಲ್ಲ, ಅವನ್ನೇ ತಂದು ಬಿಡೋಣ. ಕೋಳಿ ತಾನೆ? ಬಿಟ್ರೆ ಓಡಾಡ್ತವೆ."

"ಅವು ಕೇಜಲ್ಲೇ ಬೆಳೆದವು ಉಪೇಂದ್ರ. ಒಂದೇ ಸಲ ಬಿಟ್ಟರೆ ಕಷ್ಟ ಅಂತಾರೆ..."

"ಅಂತಾರೆ ಅಂದ್ರೆ ಯಾರು? ನೀವ್ ಕಣ್ಣಾರೆ ಕಂಡಿದೀರಾ?"

ಕಂಡಿರಲಿಲ್ಲ. ಕಾರ್ಖಾನೆಗೆ ಬಂದು ನಿಶಾಂತನಿಗೆ ಹೇಳಿದರೆ, ಅವನು "ವಿಡುಂಗ ಅಂಕಲ್, ಬಿಟ್ಬಿಡಿ. ಅವರ ಕೋಳಿ ಅವರಿಷ್ಟ. ನಮ್ಮ ಶೆಡ್ ಚೆನ್ನಾಗಿ ನಿಂತ್ರೆ ಸಾಕು" ಎಂದುಬಿಟ್ಟ. ಇನ್ನೊಂದು ಸಲ ಹೇಳಬೇಕೆಂದುಕೊಂಡರು. ಹೇಳಲಿಲ್ಲ. ಶೆಡ್ಡು ತುಂಬಿದ್ದನ್ನು ನೋಡುವ ಆಸೆ ಅವರಿಗೂ ಇತ್ತು.

ಕೋಳಿ ಬಿಡುವ ದಿನ ಮಹದೇವ, ಅವನ ಹೆಂಡತಿ, ನಾಲ್ಕಾರು ಕೂಲಿಯವರು ಬೆಳಗ್ಗೆಯೇ ಶುರುಮಾಡಿದರು. ಕೇಜಿನ ಬಾಗಿಲು ತೆರೆದಿಟ್ಟರೂ ಒಂದು ಕೋಳಿಯೂ ಹೊರಗೆ ಹೆಜ್ಜೆ ಇಡಲಿಲ್ಲ. ಒಂದೊಂದನ್ನೇ ಎಳೆದು, ಬುಟ್ಟಿಗೆ ತುಂಬಿ ತಂದು, ಹೊಟ್ಟಿನ ಮೇಲೆ ಬಿಡಬೇಕಾಯಿತು. ಗುರುಚರಣ ಜಾಲರಿಯ ಆಚೆ ನಿಂತು ನೋಡಿದರು. ಇಟ್ಟ ಕಡೆಯೇ ಅವು ನಿಂತುಕೊಂಡವು. ತಂತಿಯ ಮೇಲೆ ಸವೆಯದೆ ಬೆಳೆದ ಉಗುರುಗಳು ಕೊಕ್ಕೆಯಂತೆ ಬಾಗಿದ್ದವು. ಚಪ್ಪಟೆ ನೆಲದ ಮೇಲೆ ಕಾಲೂರಲು ಅವಕ್ಕೆ ಬರುತ್ತಿರಲಿಲ್ಲ. ಸರಳಿಗೆ ತಿಕ್ಕಿ ತಿಕ್ಕಿ ಕತ್ತಿನ ಪುಕ್ಕ ಉದುರಿ ಕೆಂಪು ಚರ್ಮ ಕಾಣುತ್ತಿತ್ತು. ಅಷ್ಟಗಲದ ಶೆಡ್ಡಿನಲ್ಲಿ ನಾಲ್ಕು ನಾಲ್ಕು ಕೋಳಿಗಳು ಒಂದಕ್ಕೊಂದು ಅಂಟಿಕೊಂಡು, ಸುತ್ತ ಇಲ್ಲದ ಕೇಜಿನೊಳಗೆ ಇದ್ದಂತೆಯೇ ನಿಂತಿದ್ದವು.

"ಏನ್ ಸಾ, ಇವು ಹಿಂಗೆ?" ಎಂದ ಮಹದೇವ.

"ಇರು, ತಾಳು."

ಮಧ್ಯಾಹ್ನದ ಹೊತ್ತಿಗೆ ಒಂದು ಕೋಳಿ ಹೊಟ್ಟನ್ನು ಕಾಲಿನಿಂದ ಕೆರೆಯಿತು. ಕೆರೆದು, ತಾನೇ ಬೆಚ್ಚಿ ಹಿಂದಕ್ಕೆ ಸರಿದು, ಮತ್ತೆ ಕೆರೆಯಿತು. ಆಮೇಲೆ ಅದರ ಪಕ್ಕದ್ದು. ಮಹದೇವನ ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಆ ಸಂಜೆ ಗುರುಚರಣ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಪಾಡಿ ಸೇತುವೆ ದಾಟುವ ತನಕ ತಮ್ಮಷ್ಟಕ್ಕೆ ಮುಗುಳ್ನಗುತ್ತಲೇ ಇದ್ದರು.

ಕಾರ್ತಿಕ ಮಾಸದ ಮಧ್ಯದಲ್ಲಿ ಸಮುದ್ರದಲ್ಲಿ ಪುಯಲ್, ಎಂದರೆ ಚಂಡಮಾರುತ, ಎದ್ದಿತು. ಶಾಲೆಗಳಿಗೆ ರಜೆ ಕೊಟ್ಟರು. ವೇಲಚೇರಿಯಲ್ಲಿದ್ದ ಮಗಳು ಫೋನ್ ಮಾಡಿ, ನೀರು ನುಗ್ಗೀತೆಂದು ಕಾರನ್ನು ಸೇತುವೆಯ ಮೇಲೆ ತಂದು ನಿಲ್ಲಿಸಿದ್ದೇವೆ ಎಂದಳು. ಇಂಥ ಗಾಳಿಗೆ ಶೆಡ್ಡಿನ ಅಕ್ಕಪಕ್ಕದ ಟಾರ್ಪಾಲು ನಿಲ್ಲುತ್ತದೆಯೋ ಇಲ್ಲವೋ ಎಂದು ಗುರುಚರಣರಿಗೆ ಚಿಂತೆ ಹತ್ತಿತು.

"ಇವತ್ತು ಹೋಗ್ಲೇಬೇಕಾ? ಯಾರೂ ಮನೆಯಿಂದ ಹೊರಡಬೇಡಿ ಅಂತ ಟೀವೀಲಿ ಹೇಳ್ತಿದಾರೆ" ಎಂದಳು ಶ್ರೀವಿದ್ಯಾ.

"ನೋಡ್ಕೊಂಡು ಬಂದ್ಬಿಡ್ತೀನಿ."

ಫಾರಂ ತಲುಪುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಮಳೆ ಒಳಗೆ ಎರಚದಂತೆ ಮಹದೇವ ಎರಡೂ ಕಡೆ ಟಾರ್ಪಾಲು ಇಳಿಬಿಟ್ಟು ಬಿಗಿದು ಕಟ್ಟಿದ್ದ. ಒಳಗೆ ಬಲ್ಬುಗಳು ಉರಿಯುತ್ತಿದ್ದವು, ಫ್ಯಾನುಗಳು ತಿರುಗುತ್ತಿದ್ದವು, ಕೋಳಿಗಳು ಗೊಣಗುತ್ತ ಓಡಾಡಿಕೊಂಡಿದ್ದವು. ಎಲ್ಲ ಸರಿಯಾಗಿದೆ ಎಂದು ಗುರುಚರಣ ಮೇವಿನ ಕೊಠಡಿಯ ಜಗಲಿಯಲ್ಲಿ ಕೂತು, ಮಹದೇವನ ಹೆಂಡತಿ ಕೊಟ್ಟ ಕರಿಕಾಫಿ ಕುಡಿಯುತ್ತಿದ್ದಾಗ ಕರೆಂಟು ಹೋಯಿತು.

ಫ್ಯಾನುಗಳು ನಿಂತವು. ಶೆಡ್ಡಿನೊಳಗಿಂದ ಒಂದು ಸದ್ದು ಬಂತು. ಕೂಗಲ್ಲ, ಸಾವಿರಾರು ಕೊರಳು ಒಟ್ಟಿಗೆ ಉಸಿರೆಳೆದುಕೊಂಡ ಹಾಗೆ. ಮಹದೇವ ಜನರೇಟರಿನ ಕಡೆ ಓಡಿದ. ಅದು ಒಂದೆರಡು ಸಲ ಗೊರಗುಟ್ಟಿ ಸುಮ್ಮನಾಯಿತು. ಒಳಗೆ ನೀರು ಸೇರಿತ್ತು. ಗಾಳಿಯಿಲ್ಲದೆ ಕೋಳಿಗಳು ಉಸಿರುಕಟ್ಟಿ ಸಾಯುತ್ತವೆಂದು ಗುರುಚರಣರಿಗೆ ದಿಗಿಲಾಯಿತು.

"ಮಹದೇವಾ, ಬಾಗಿಲು ತೆಗೀ! ಮೊದಲು ಬಾಗಿಲು ತೆಗೀ, ಗಾಳಿ ಬರಲಿ!"

ಮಹದೇವ ಓಡಿಬಂದು ತುದಿಯ ದೊಡ್ಡ ಬಾಗಿಲನ್ನು ಎಳೆದು ತೆರೆದ. ಕತ್ತಲೆಯೊಳಕ್ಕೆ ಬೂದುಬಣ್ಣದ ಬೆಳಕು ಒಂದೇ ಕಡೆಯಿಂದ ನುಗ್ಗಿತು. ಕೋಳಿಗಳೂ ಆ ಕಡೆಗೇ ನುಗ್ಗಿದವು. ಬಾಗಿಲಲ್ಲಿ ಮನುಷ್ಯ ನಿಂತದ್ದನ್ನು ಕಂಡು ಮುಂದಿನವು ಬೆದರಿ ಪಕ್ಕಕ್ಕೆ ತಿರುಗಿ ಗೋಡೆಯ ಮೂಲೆ ಹಿಡಿದವು. ಹಿಂದಿನವಕ್ಕೆ ಅದು ಗೊತ್ತಾಗಲಿಲ್ಲ. ಒಂದರ ಮೇಲೊಂದು ಏರಿದವು, ಏರಿದವುಗಳ ಮೇಲೆ ಇನ್ನಷ್ಟು ಬಂದು ಬಿದ್ದವು, ನೋಡನೋಡುತ್ತ ಮೂಲೆಯಲ್ಲಿ ಸೊಂಟದೆತ್ತರದ ಬಿಳಿಯ ರಾಶಿ ಎದ್ದಿತು.

ಮಹದೇವ ರಾಶಿಯ ಮೇಲೆ ಬಿದ್ದು ಎರಡೂ ಕೈಯಲ್ಲಿ ಎತ್ತಿ ಎತ್ತಿ ಹಿಂದಕ್ಕೆ ಎಸೆಯತೊಡಗಿದ. ಗುರುಚರಣ ಒಂದು ಗಳಿಗೆ ಹೊಸ್ತಿಲಲ್ಲೇ ನಿಂತರು. ಆಮೇಲೆ ಅವರಿಗೆ ತಾವು ಒಳಗೆ ಹೋದದ್ದು ನೆನಪಿಲ್ಲ, ಕೈ ಹಾಕಿದ್ದು ಮಾತ್ರ ನೆನಪಿದೆ. ಇಷ್ಟು ಬಿಸಿ ಇರುತ್ತದೆಂದು ಅವರು ಎಣಿಸಿರಲಿಲ್ಲ. ಪುಕ್ಕದ ಕೆಳಗೆ ಮೈ ಇಷ್ಟೇ ಇಷ್ಟು. ಎದೆಗೂಡು ಬೆರಳಿಗೆ ಸಿಗುತ್ತದೆ, ಅದರೊಳಗೆ ಗುಂಡಿಗೆ ಗಡಗಡ ಹೊಡೆದುಕೊಳ್ಳುತ್ತದೆ. ಎತ್ತಿ ಹಿಂದಕ್ಕೆ ಬಿಟ್ಟರೆ ಅದೇ ಕೋಳಿ ಮತ್ತೆ ಓಡಿಬಂದು ಅದೇ ರಾಶಿಯ ಮೇಲೆ ಏರುತ್ತಿತ್ತು. ಮಹದೇವನ ಹೆಂಡತಿ ಮೇವಿನ ಖಾಲಿ ಚೀಲಗಳನ್ನು ತಂದು ಅಡ್ಡ ಹಿಡಿದು, "ಹೋಗ್, ಹೋಗ್, ಆ ಕಡೀಕ್ ಹೋಗ್ರವ್ವಾ" ಎಂದು ಅಳುತ್ತ ಅಟ್ಟುತ್ತಿದ್ದಳು.

ಮೇಲಿನ ಪದರ ಕಿತ್ತ ಮೇಲೆ ಕೈಗೆ ಸಿಕ್ಕವು ಒದ್ದಾಡುತ್ತಿರಲಿಲ್ಲ. ಅವೂ ಬಿಸಿಯಾಗಿಯೇ ಇದ್ದವು. ಅವನ್ನೂ ಜೀವವಿರುವವೆಂದೇ ಎತ್ತಿ ಹಿಂದೆ ಇಡುತ್ತಿದ್ದರು ಗುರುಚರಣ. ಇಟ್ಟವು ಇಟ್ಟ ಹಾಗೆ ಮಲಗಿದವು.

"ಸಾ, ಬುಡಿ ಸಾ. ಅವು ಓದವು" ಎಂದು ಮಹದೇವ ಅವರ ತೋಳು ಹಿಡಿದ.

ಉಪೇಂದ್ರ ಬರುವಾಗ ಕರೆಂಟು ಬಂದಿತ್ತು. ಮಳೆಯಲ್ಲಿ ನೆನೆದುಕೊಂಡೇ ಶೆಡ್ಡಿನೊಳಗೆ ಬಂದು, ಗೋಡೆಯುದ್ದಕ್ಕೂ ಮಲಗಿಸಿಟ್ಟ ಸಾಲನ್ನು ನೋಡಿದ. ಒಂದರ ಮೇಲೂ ಗಾಯವಿರಲಿಲ್ಲ, ಒಂದು ತೊಟ್ಟು ರಕ್ತ ಇರಲಿಲ್ಲ. ಎಷ್ಟು ಎಂದು ಎಣಿಸಲು ಯಾರಿಗೂ ಮನಸ್ಸಾಗಿರಲಿಲ್ಲ. ಅವನು ಸೀದಾ ಮಹದೇವನ ಕಡೆ ತಿರುಗಿದ.

"ಬಾಗ್ಲು ಯಾವನ್ಲಾ ತೆಗ್ದಿದ್ದು? ಟಾರ್ಪಾಲು ಒಂಚೂರು ಸರ್ಸಿದ್ರೆ ಆಯ್ತಿರ್ಲಿಲ್ವಾ? ಯಾವನ್ ಹೇಳ್ದ ನಿಂಗೆ?"

ಮಹದೇವ ತಲೆ ತಗ್ಗಿಸಿ ನಿಂತ.

"ನಾನು ಹೇಳಿದ್ದು ಉಪೇಂದ್ರ. ತೆಗೀ ಅಂತ ಕೂಗಿದ್ದು ನಾನೇ" ಎಂದರು ಗುರುಚರಣ.

ಉಪೇಂದ್ರ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅಂಗಿಯ ತುಂಬ ಹಿಕ್ಕೆ, ಕನ್ನಡಕದ ಮೇಲೆ ಪುಕ್ಕದ ಚೂರು. ಬೈಯಲು ಬಾಯಿ ತೆರೆದವನು ಬೈಯಲಿಲ್ಲ.

"ಕೇಜಲ್ಲಿದ್ದಾಗ ಒಂದಿನಾನೂ ಹಿಂಗಾಗ್ಲಿಲ್ಲ ಸಾರ್" ಎಂದಷ್ಟೇ ಹೇಳಿದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಹೇಳಿದ್ದು ನಿಜವಾಗಿತ್ತು.

ಶೆಡ್ಡಿನ ಹಿಂದೆ ಗುಂಡಿ ತೋಡಿದರು. ಮಣ್ಣು ಎತ್ತಿದಷ್ಟೂ ನೀರು ತುಂಬಿಕೊಳ್ಳುತ್ತಿತ್ತು. ಮೇಲೆ ಸುಣ್ಣ ಸುರಿಯುವವರೆಗೂ ಗುರುಚರಣ ಅಲ್ಲೇ ನಿಂತಿದ್ದರು. ನಿಶಾಂತನಿಂದ ಫೋನು ಬಂತು. "ಅಂಕಲ್, ಯಾರಿಗೂ ಏನೂ ಹೇಳ್ಬೇಡಿ. ನಮ್ಮ ಡಿಸೈನ್ ತಪ್ಪು ಅಂತ ನಿಮ್ಮ ಬಾಯಿಂದ ಬರಬಾರದು. ಪುಯಲ್‌ನಿಂದ ಆಯ್ತು, ಅಷ್ಟೇ" ಎಂದ. ಅವರು ಫೋನನ್ನು ಜೇಬಿಗಿಟ್ಟು ಮನೆಯ ದಾರಿ ಹಿಡಿದರು.

ಮನೆ ಮುಟ್ಟಿದಾಗ ಭೀಮಾಬಾಯಿ ಹಜಾರದಲ್ಲಿ ದೀಪ ಹಚ್ಚಿಟ್ಟು ಕೂತಿದ್ದರು. ಮಗನ ಮೈಯಿಂದ ಬಂದ ವಾಸನೆಗೆ ತಲೆ ಎತ್ತಿ ನೋಡಿದರು.

"ಏನೋ ಗುರು, ಏನಾತೋ?"

"ಕೋಳಿ ಸತ್ತವಮ್ಮಾ" ಎಂದರು ಗುರುಚರಣ. "ನೂರಾರು ಕೋಳಿ. ಒಂದರ ಕೆಳಗೊಂದು ಸಿಕ್ಕಿ. ನಾನು ಕೈಯಾರೆ ಎತ್ತಿ ತೆಗೆದೆ."

ಒಳಗಿನಿಂದ ಓಡಿಬಂದ ಶ್ರೀವಿದ್ಯಾ, ಅತ್ತೆ ಏನು ಅನ್ನುತ್ತಾರೋ ಎಂದು ಅವರ ಮುಖ ನೋಡಿದಳು. ಭೀಮಾಬಾಯಿಯ ತುಟಿ ಜಪಕ್ಕೆ ಆಡುತ್ತಿತ್ತೋ ಬೇರೆ ಏನಕ್ಕೋ ತಿಳಿಯಲಿಲ್ಲ.

"ಪಾವಂ, ಪಾಪ. ಅವೂ ಜೀವ ತಾನೇ" ಎಂದರು ಕೊನೆಗೆ. "ಹೋಗು, ತಲೆಗೆ ಹಾಕ್ಕೋ. ಬರೀ ಮೈಗಲ್ಲ, ಸುಡುಗಾಡಿಗೆ ಹೋಗಿಬಂದ ಹಾಗೆ ತಲೆಗೇ ಹಾಕ್ಕೋ."

ಬಚ್ಚಲ ಬಾಗಿಲು ಹಾಕಿಕೊಂಡು, ತಣ್ಣೀರು ತಲೆಯ ಮೇಲೆ ಸುರಿದುಕೊಳ್ಳುತ್ತ, ಅವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಮರುದಿನ ಉಪೇಂದ್ರ ಕೇಜುಗಳನ್ನು ಮತ್ತೆ ಹಾಕಿಸುತ್ತೇನೆಂದ. ಗುರುಚರಣ ಅವನ ಮನೆಗೇ ಹೋಗಿ ಕೂತರು. ಜೀವನದಲ್ಲಿ ಯಾರ ಮುಂದೆಯೂ ಎರಡನೇ ಸಲ ಕೇಳಿದವರಲ್ಲ, ಅಂದು ಕೇಳಿದರು.

"ಉಳಿದವು ಕಲೀತವೆ. ಮೂಲೆಗಳನ್ನೆಲ್ಲ ಜಾಲರಿ ಬಗ್ಗಿಸಿ ದುಂಡಗೆ ಮಾಡಿಸ್ತೀನಿ. ಬ್ಯಾಟರಿ ದೀಪ ಹಾಕಿಸ್ತೀನಿ. ನಾನೇ ದಿನಾ ಬರ್ತೀನಿ. ಸ್ವಲ್ಪ ದಿನ ಕೊಡು."

"ನೋಡಿ ಸಾರ್, ನಿಮ್ಮ ವಯಸ್ಸಿಗೆ ಮರ್ಯಾದೆ ಕೊಟ್ಟು ಒಪ್ಕೊಂತೀನಿ. ಇನ್ನೊಂದ್ ಸಲ ಹಂಗಾದ್ರೆ ಮಾತಿಲ್ಲ."

ಅಂದಿನಿಂದ ಗುರುಚರಣ ಕಾರ್ಖಾನೆಯಿಂದ ಬೇಗ ಹೊರಟು ಸಂಜೆ ಫಾರಂಗೆ ಹೋಗತೊಡಗಿದರು. ಬೆಳಕು ಕಡಿಮೆಯಾಗುತ್ತಿದ್ದಂತೆ ಕೋಳಿಗಳಿಗೆ ಕಸಿವಿಸಿ ಶುರುವಾಗುತ್ತಿತ್ತು. ತಲೆಯೆತ್ತಿ ಕತ್ತು ಹೊರಳಿಸಿ ಏನನ್ನೋ ಹುಡುಕುತ್ತಿದ್ದವು. ಎತ್ತರಕ್ಕೆ ಏರಿ ಕೂರಬೇಕೆಂಬುದು ಅವುಗಳ ಮೈಯಲ್ಲೇ ಇತ್ತು, ಏರುವುದು ಹೇಗೆಂದು ಮಾತ್ರ ಕಾಲಿಗೆ ತಿಳಿಯದು. ದಾರಿ ಕಾಣದೆ ಕೊನೆಗೆ ಗೋಡೆಯ ಕಡೆ ಗುಂಪುಗೂಡುತ್ತಿದ್ದವು. ಮಹದೇವ, ಅವನ ಹೆಂಡತಿ, ಗುರುಚರಣ ಮೂವರೂ ಆದಷ್ಟನ್ನು ಒಂದೊಂದಾಗಿ ಎತ್ತಿ ಅಡ್ಡಕೋಲಿನ ಮೇಲೆ ಕೂರಿಸುತ್ತಿದ್ದರು. ಹಗಲಲ್ಲಿ ಆ ಹೆಂಗಸು ಗಂಡನ ಜೊತೆ ಕೂತು ಅವುಗಳ ಉಗುರು ಕತ್ತರಿಸಿದಳು. ಕೂರಿಸಿದವು ತೂಗಾಡಿ, ರೆಕ್ಕೆ ಬಡಿದು, ಕೆಳಗೆ ಬೀಳುತ್ತಿದ್ದವು. ಮತ್ತೆ ಎತ್ತಬೇಕು. ಎಡಗೈಯನ್ನು ಎದೆಯ ಕೆಳಗೆ ಕೊಟ್ಟು, ಬಲಗೈಯಿಂದ ಕಾಲಿನ ಬೆರಳುಗಳನ್ನು ಕೋಲಿಗೆ ತಾಗಿಸಿ ಕ್ಷಣಹೊತ್ತು ಹಿಡಿದರೆ ಅವು ತಾವೇ ಬೆರಳು ಮಡಿಸಿ ಕೋಲು ಹಿಡಿಯುತ್ತವೆಂದು ಗುರುಚರಣ ಕಂಡುಕೊಂಡರು. ಹಿಡಿದ ಆ ಗಳಿಗೆ ಕೈಗೇ ಗೊತ್ತಾಗುತ್ತಿತ್ತು.

ಒಂದು ಸಂಜೆ ಅವರು ಎತ್ತುವ ಮೊದಲೇ ಒಂದು ಕೋಳಿ ಕುಪ್ಪಳಿಸಿ ಕೆಳಗಿನ ಕೋಲು ಹತ್ತಿತು. ಅಲ್ಲಿಂದ ಅದರ ಮೇಲಿನ ಕೋಲಿಗೆ ಹಾರಿ, ಪುಕ್ಕವಿಲ್ಲದ ಕತ್ತು ಚಾಚಿ ಕೆಳಗೆ ನೋಡಿತು.

"ಕಂಡ್ರಾ ಸಾ! ಅತ್ಬುಡ್ತು! ತಾನೇ ಅತ್ಬುಡ್ತು!" ಎಂದು ಮಹದೇವ ಕೂಗಿದ.

ಮಾರ್ಗಶಿರ ಕಳೆಯುವ ಹೊತ್ತಿಗೆ ಸಂಜೆಯಾದರೆ ಸಾಕು, ಶೆಡ್ಡಿನ ಉದ್ದಕ್ಕೂ ರೆಕ್ಕೆಗಳ ಪಟಪಟ. ಎಲ್ಲವೂ ಕಲಿಯಲಿಲ್ಲ. ಕೆಲವು ಕೊನೆಯ ತನಕ ನೆಲದ ಮೇಲೆಯೇ ಉಳಿದವು, ಕೆಲವು ಕಾಲು ಮುರಿದುಕೊಂಡು ಸತ್ತವು. ಆದರೆ ಮುಕ್ಕಾಲು ಪಾಲು ತಾವಾಗಿಯೇ ಏರಿ, ಒತ್ತಿ ಕೂತು, ರೆಪ್ಪೆ ಮುಚ್ಚುತ್ತಿದ್ದವು. ಕರೆಂಟು ಎರಡು ಸಲ ಹೋಯಿತು. ಬ್ಯಾಟರಿ ದೀಪದ ಮಂದ ಬೆಳಕಿನಲ್ಲಿ ಅವು ಕೂತ ಕಡೆಯಿಂದ ಅಲುಗಲಿಲ್ಲ. ಮನೆಯಲ್ಲಿ ಭೀಮಾಬಾಯಿ ಒಮ್ಮೆ, ಹೂವು ಕಟ್ಟುತ್ತ ಮಗನ ಕಡೆ ನೋಡದೆಯೇ, "ಹತ್ತಿದ್ವೇನೋ ಇವತ್ತು?" ಎಂದು ಕೇಳಿದರು.

ಶೆಡ್ಡು ನೋಡಲು ಬರುತ್ತೇವೆಂದ ಅಧಿಕಾರಿಗಳು ಬರಲಿಲ್ಲ. ಪೊಂಗಲಿಗೆ ನಾಲ್ಕು ದಿನ ಇದೆ ಎನ್ನುವಾಗ ನಿಶಾಂತ್ ಗುರುಚರಣರ ಮೇಜಿನ ಹತ್ತಿರ ತಾನೇ ಬಂದು ನಿಂತ.

"ಅಂಕಲ್, ಗಡುವು ಮುಂದಕ್ಕೆ ಹಾಕಿದ್ದಾರಂತೆ. ವರ್ಷಗಟ್ಟಲೆ. ಹಳೇ ಕೇಜ್ ಇರೋರು ಹಾಗೇ ಇಟ್ಕೋಬಹುದಂತೆ. ಉಪೇಂದ್ರ ಫೋನ್ ಮಾಡಿದ್ರು."

"ಏನಂತೆ?"

"ಒಂದನೇ ಶೆಡ್ಡಿಗೆ ಕೇಜ್ ವಾಪಸ್ ಹಾಕ್ಬೇಕಂತೆ. ಮೂರನೇ ಶೆಡ್ಡಲ್ಲಿ ತುಕ್ಕು ಹಿಡಿದಿದೆ, ಅದಕ್ಕೂ ಹೊಸದು. ಸಾರಿ ಅಂಕಲ್. ನೀವು ತುಂಬ ಕಷ್ಟಪಟ್ರಿ."

ಗುರುಚರಣ ಉಪೇಂದ್ರನಿಗೆ ಫೋನ್ ಮಾಡಿದರು.

"ಈಗ ಕಲ್ತಿದಾವಲ್ಲಪ್ಪ..."

"ಕಲ್ತಿದಾವೆ ಸಾರ್, ಇಲ್ಲ ಅನ್ನಲ್ಲ. ಆದ್ರೆ ಅಲ್ಲಿ ಹಿಡ್ಸೋದು ಅರ್ಧಕ್ಕರ್ಧ ಕಮ್ಮಿ. ಹೊಟ್ಟಿನ ಮೇಲೆ ಬಿದ್ದ ಮೊಟ್ಟೆ ಆಯೋಕೆ ಆಳು ಬೇರೆ ಬೇಕು. ಪಕ್ಕದ ಫಾರಂನೋರೆಲ್ಲ ಕೇಜಲ್ಲೇ ಇರ್ವಾಗ ನಾನೊಬ್ನೇ ಏನ್ ಮಾಡ್ಲಿ? ಎಲ್ಲಾರ್ಗೂ ಕಾನೂನು ಬರ್ಲಿ, ನಾನೂ ಮಾಡ್ತೀನಿ."

ಕೇಜು ಕೂರಿಸುವ ದಿನ ಅವರು ಹೋಗಲಿಲ್ಲ. ಮೈ ಸರಿಯಿಲ್ಲವೆಂದು ಮನೆಯಲ್ಲಿ ಉಳಿದರು. ಆದರೆ ಮೂರನೇ ಶೆಡ್ಡಿನ ಅಳತೆ ತೆಗೆಯಲು ಬೇರೆ ಯಾರೂ ಇರಲಿಲ್ಲ. ಹಬ್ಬ ಮುಗಿದ ವಾರ ಹೊರಟರು.

ಅವರು ಹೋಗುವಾಗ ಸಂಜೆಯಾಗುತ್ತ ಬಂದಿತ್ತು. ಮಹದೇವ ಎದುರಿಗೆ ಬಂದು ಚೀಲ ತೆಗೆದುಕೊಂಡ. ಇಬ್ಬರೂ ಒಂದನೇ ಶೆಡ್ಡಿನ ಬಾಗಿಲ ಮುಂದೆ ಹಾದು ಹೋಗಬೇಕಿತ್ತು. ಗುರುಚರಣ ತಲೆ ತಗ್ಗಿಸಿ ದಾಟಿಬಿಡಬೇಕೆಂದಿದ್ದರು. ಒಳಗಿನಿಂದ ಒಂದು ಸದ್ದು ಬರುತ್ತಿತ್ತು. ತಂತಿಗೆ ಏನೋ ಬಡಿಯುವ ಸದ್ದು, ಒಂದು ಕಡೆ ನಿಂತರೆ ಇನ್ನೊಂದು ಕಡೆ.

"ಏನದು?"

ಮಹದೇವ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದ. "ಹೊತ್ತು ಮುಳ್ಗ ಟೈಮ್ ಅಲ್ವಾ ಸಾ. ಕೋಲು ಅತ್ತಕ್ ನೋಡ್ತವೆ" ಎಂದ.

ಗುರುಚರಣ ಒಳಗೆ ಹೋದರು. ಸಾಲು ಸಾಲು ಕೇಜುಗಳಲ್ಲಿ ಕೋಳಿಗಳು ಮೈ ಕುಗ್ಗಿಸಿ, ಕಾಲಿನ ಮೇಲೆ ತಗ್ಗಿ, ಮೇಲಕ್ಕೆ ಹಾರುತ್ತಿದ್ದವು. ತಲೆ ಮೇಲಿನ ಜಾಲರಿಗೆ ಬಡಿಯುತ್ತಿತ್ತು. ಕೂತು, ಸುಧಾರಿಸಿಕೊಂಡು, ಮತ್ತೆ ಹಾರುತ್ತಿದ್ದವು. ಪಕ್ಕದ ಕೋಳಿಯ ಬೆನ್ನು ಏರಲು ಕೆಲವು ನೋಡಿದವು. ಕೆಲವುಗಳ ನೆತ್ತಿಯಲ್ಲಿ ರಕ್ತ ಒಣಗಿ ಕಪ್ಪಾಗಿತ್ತು. ಕಲಿಯದೆ ನೆಲದ ಮೇಲೆಯೇ ಉಳಿದಿದ್ದ ಕೋಳಿಗಳು ಯಾವುವೆಂದು ಈಗ ಸುಲಭವಾಗಿ ಗೊತ್ತಾಗುತ್ತಿತ್ತು; ಅವು ಮಾತ್ರ ಸುಮ್ಮನೆ ನಿಂತಿದ್ದವು.

"ದಿನಾ ಹೀಗೇನಾ?"

"ದಿನಾ ಸಾ. ಕತ್ಲಾದ್ಮೇಲ್ ನಿಂತೋಯ್ತದೆ. ನನ್ನೆಂಡ್ರು ಈ ಒತ್ನಲ್ಲಿ ಈ ಕಡೀಕೇ ಬರಾಕಿಲ್ಲ." ಅವರನ್ನು ಸಮಾಧಾನ ಮಾಡುವವನ ಹಾಗೆ ಹೇಳಿದ, "ಮೊದ್ಲು ಇನ್ನೂ ಜೋರಾಗಿತ್ತು. ಈಗ ಒಸಿ ಕಮ್ಮಿ. ಇನ್ನೊಂದೀಟು ದಿನ ಓದ್ರೆ ಮರ್ತೋಯ್ತವೆ ಸಾ."

ಗುರುಚರಣ ಹತ್ತಿರದ ಕೇಜಿನ ಮೇಲಿನ ಜಾಲರಿಯ ಮೇಲೆ ಅಂಗೈ ಇಟ್ಟರು. ಕೆಳಗಿನಿಂದ ಒಂದು ತಲೆ ಬಂದು ಬಡಿಯಿತು. ಇಟ್ಟ ಕೈಯನ್ನು ಅವರು ತೆಗೆಯಲಿಲ್ಲ. ಮತ್ತೊಮ್ಮೆ ಬಡಿಯಿತು. ಆಮೇಲೆ ಆ ಕೋಳಿ ಬೆಚ್ಚಗಿನ ಕೈಯ ಕೆಳಗೆ ತಗ್ಗಿ ಕೂತು, ತಂತಿಯ ಸಂದಿನಿಂದ ಒಂದು ಕಣ್ಣಲ್ಲಿ ಅವರನ್ನು ನೋಡಿತು. ಅದೊಂದನ್ನು ಬಿಟ್ಟು ಉಳಿದ ಕಡೆಯಿಂದೆಲ್ಲ ಸದ್ದು ಬರುತ್ತಲೇ ಇತ್ತು.

ನಿಶಾಂತನ ಫೋನು ಬಂತು. ಮೂರನೇ ಶೆಡ್ಡಿನ ಅಳತೆ ಇವತ್ತೇ ಬೇಕು, ನಾಳೆ ತಂತಿ ಕತ್ತರಿಸಲು ಶುರುಮಾಡಬೇಕು, ಎಂದ.

"ಆಯ್ತಪ್ಪಾ" ಎಂದರು ಗುರುಚರಣ.

ಹೊರಗೆ ಬಂದು ಮಹದೇವನಿಂದ ಚೀಲ ತೆಗೆದುಕೊಂಡರು. ಮೂರನೇ ಶೆಡ್ಡಿನಲ್ಲಿ ಇನ್ನೂ ಕಣ್ಣು ಕಾಣುವಷ್ಟು ಬೆಳಕಿತ್ತು. ಅಳತೆಯ ಟೇಪನ್ನು ಬಿಚ್ಚಿ, ಅದರ ತುದಿಯನ್ನು ಮಹದೇವನ ಕೈಗೆ ಕೊಟ್ಟು, ಗೋಡೆಗೆ ಹಿಡಿದು ನಿಂತುಕೋ ಎಂದು ಹೇಳಿ, ಅವರು ಎದುರು ಗೋಡೆಯ ಕಡೆಗೆ ನಡೆದರು.